‘ತಲೆಯ ಮೇಲೊಂದು ಮೆದುಳು’ ಕಳಿಸಿದವರಿಗೆ

ಪ್ರಿಯ ಲೇಖಕರೇ,

ನೆತ್ತಿಯ ಚರ್ಮ ಮಡಿಕೆ ಬೀಳುವ ಅಪರೂಪದ ತೊಂದರೆಯ ಬಗ್ಗೆ ನೀವು ಕಳಿಸಿದ ಲೇಖನ ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲಾರೆ.

ಶೀರ್ಷಿಕೆ ಬೇಡ. ಮಡಿಕೆಗಳು ಮೆದುಳಿನ ಸುರುಳಿಯಂತೆ ಕಾಣುವುದು ನಿಜ, ವೈದ್ಯರೂ ಹಾಗೇ ಹೋಲಿಸುತ್ತಾರೆ. ಆದರೆ ಆ ತಲೆ ಹೊತ್ತವರೂ ನಮ್ಮ ಓದುಗರೇ.

ಎರಡನೇ ಪ್ಯಾರಾಕ್ಕೇ ಈ ತೊಂದರೆಯ ವೈದ್ಯಕೀಯ ಹೆಸರು ‘ಕಟಿಸ್ ವರ್ಟಿಸಿಸ್ ಗೈರೇಟಾ’, ಅದರ ಬೆನ್ನಿಗೆ ಹದಿನಾಲ್ಕು ಕಾಯಿಲೆಗಳ ಹೆಸರು, ಮದುವೆಮನೆಯ ಮುಯ್ಯಿ ಪಟ್ಟಿಯ ಹಾಗೆ. ಓದುಗನಿಗೆ ಮೊದಲು ಆ ನೆತ್ತಿಯನ್ನು ಮುಟ್ಟಿಸಿ. ಸೀರೆಯ ನೆರಿಗೆ ಎಳೆದರೆ ಬಿಚ್ಚಿಕೊಳ್ಳುತ್ತದೆ. ಇದು ಒತ್ತಿದರೂ ಎಳೆದರೂ ಸಪಾಟಾಗದು. ಉಬ್ಬಿನ ಮೇಲೆ ಕೂದಲು ತೆಳು, ಸಂದಿನಲ್ಲಿ ಎಂದಿನಂತೆ. ಸಂದಿನಲ್ಲೇ ಬೆವರು, ಹೊಟ್ಟು ಕೂತು ವಾಸನೆ ಬರುವುದು.

ವರ್ಗೀಕರಣವನ್ನು ನೀವು 1953ಕ್ಕೇ ನಿಲ್ಲಿಸಿದ್ದೀರಿ. ಸಂಶೋಧಕರಾದ ಪೋಲನ್ ಮತ್ತು ಬಟರ್‌ವರ್ತ್ ಇದನ್ನು ಪ್ರಾಥಮಿಕ (ತಾನಾಗಿ ಬರುವುದು), ದ್ವಿತೀಯಕ (ಇನ್ನೊಂದು ಕಾಯಿಲೆಯಿಂದ ಬರುವುದು) ಎಂದು ವಿಂಗಡಿಸಿದ್ದು ಆಗ. 1984ರಲ್ಲಿ ಗಾರ್ಡನ್ ಮತ್ತು ರಾಬಿನ್ಸನ್ ಪ್ರಾಥಮಿಕವನ್ನೇ ಮತ್ತೆ ಎರಡು ಮಾಡಿದರು: ಮಡಿಕೆ ಬಿಟ್ಟರೆ ಬೇರೇನೂ ಇಲ್ಲದ್ದು ಒಂದು, ಬೌದ್ಧಿಕ ಬೆಳವಣಿಗೆಯ ಕೊರತೆ, ಮೂರ್ಛೆರೋಗ, ಕಣ್ಣಿನ ದೋಷ ಜೊತೆಗೂಡಿದ್ದು ಇನ್ನೊಂದು. ಈ ಗೆರೆ ಕೈಬಿಟ್ಟಿದ್ದರಿಂದಲೇ ‘ಇಂಥವರಿಗೆ ಬುದ್ಧಿ ಕಡಿಮೆ’ ಎಂಬ ಸಾಲು ನುಸುಳಿದೆ. ಪ್ರಾಥಮಿಕ ಬಗೆ ಸಾಮಾನ್ಯವಾಗಿ ಹರೆಯಕ್ಕೆ ಬಂದ ಮೇಲೆ, ಹೆಚ್ಚಾಗಿ ಗಂಡಸರಲ್ಲಿ ಕಾಣುವ ತೊಂದರೆ. ನೋಡಲು ಬಂದ ಹುಡುಗಿಯ ಕಡೆಯವರು ನಿಮ್ಮ ಆ ಒಂದು ಸಾಲು ಓದಿದರೆ ಸಂಬಂಧವೇ ಮುರಿಯುತ್ತದೆ. ತಲೆಗೆ ಎಣ್ಣೆ ಹಚ್ಚದಿದ್ದರೆ ಬರುತ್ತದೆ ಎಂದದ್ದನ್ನೂ ಹೊಡೆದುಹಾಕಿದ್ದೇನೆ.

ಒಂಬತ್ತನೇ ಪ್ಯಾರಾದಲ್ಲಿ ಚಿನ್ನದಂಥ ಮಾತಿದೆ: ಉಂಗುರ ಬಿಗಿಯಾಯಿತೇ, ಚಪ್ಪಲಿಯ ಅಳತೆ ದೊಡ್ಡದಾಯಿತೇ ಎಂದು ವೈದ್ಯರು ಕೇಳುವುದು. ಬೆಳವಣಿಗೆಯ ಹಾರ್ಮೋನು ಅತಿಯಾಗುವ ಆಕ್ರೊಮೆಗಲಿಯಲ್ಲಿ ಕೈಕಾಲಿನ ಜೊತೆ ನೆತ್ತಿಯ ಚರ್ಮವೂ ದಪ್ಪಗಾಗುತ್ತದೆ. ಅಲ್ಲಿಂದಲೇ ಶುರು ಮಾಡಿ. ಮಡಿಕೆ ಇನ್ನೊಂದು ರೋಗದ ಗುರುತೂ ಆಗಿರಬಹುದು ಅನ್ನುವುದು, ಅಂದರೆ ದ್ವಿತೀಯಕ ಅನ್ನುವುದರ ಅರ್ಥ, ತಾನಾಗಿ ತಿಳಿಯುತ್ತದೆ. ಮತ್ತೊಂದು ಉದಾಹರಣೆಗೆ ಹುಟ್ಟುಮಚ್ಚೆ ಸಾಕು. ಮಡಿಕೆ ಒಂದೇ ಮಗ್ಗುಲಿಗಿದ್ದರೆ ಮಚ್ಚೆಯ ಜೀವಕೋಶಗಳೇ ಹಾಗೆ ಬೆಳೆದಿರಬಹುದು, ಅಪರೂಪಕ್ಕೆ ಅದು ಕ್ಯಾನ್ಸರಿಗೂ ತಿರುಗುತ್ತದೆ. ಚರ್ಮದ ಚೂರು ತೆಗೆದು ಪರೀಕ್ಷೆಗೆ ಕಳಿಸುವುದು ಅದಕ್ಕೇ. ಸೋರಿಯಾಸಿಸ್, ಇಸಬು, ಟರ್ನರ್ ಸಿಂಡ್ರೋಮ್ ಎಲ್ಲ ಅರ್ಧ ಸಾಲಿನಲ್ಲಿ ಮುಗಿಸಿ.

ತಿದ್ದಿ ಕಳಿಸಿದರೆ ಖಂಡಿತ ಮತ್ತೆ ಓದುತ್ತೇನೆ. ಯೂನಿಕೋಡಿನಲ್ಲೇ ಕಳಿಸಿ; ಈ ಸಲ ನಿಮ್ಮ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿ ‘ನೆತ್ತಿ’ ‘ನೆತಿ’ಯಾಗಿ ಬಂದಿತ್ತು.