ಹಳೆಯ ಹೋಂಡಾ ಸಿವಿಕ್ ಕೊಂಡು ಮಾಡಿಫೈ ಮಾಡಿಸಬೇಕು ಅಂತಿದ್ದೀನಿ. ಮೊದಲು ಏನು ಮಾಡಿಸಲಿ, ಗಾಡಿಯ ಎತ್ತರ ತಗ್ಗಿಸಲಾ? ಫೋಟೋ ಚೆನ್ನಾಗಿ ಬರಬೇಕು ಅಂದ್ರೆ ಏನು ಮಾಡಬೇಕು?

ತಗ್ಗಿಸಬೇಡಿ. ಯಾಕೆ ಅಂತ ಹೇಳುತ್ತೇನೆ.

ನಾನು ತುಮಕೂರಿನವನು. ನನ್ನ ಹತ್ತಿರ 2010ರ ಸಿವಿಕ್ ಇದೆ, ಕಡು ಬೂದು ಬಣ್ಣ. ಸೆಕೆಂಡ್ ಹ್ಯಾಂಡ್ ತಗೊಂಡು ಆರು ವರ್ಷ ಆಯ್ತು. ಈ ಮಾದರಿ ನಮ್ಮಲ್ಲಿ 2006ರಲ್ಲಿ ಬಂತು, 2013ರಲ್ಲಿ ನಿಂತಿತು. 1.8 ಲೀಟರ್ ಪೆಟ್ರೋಲ್ ಎಂಜಿನ್, 132 ಪಿಎಸ್. ಮೇಲೆ ಸ್ಪೀಡ್ ಅಂಕಿಯಲ್ಲಿ, ಕೆಳಗೆ ಎಂಜಿನ್ ಸುತ್ತು ತೋರಿಸುವ ಆರ್‌ಪಿಎಂ ಮುಳ್ಳು. ಆ ಎರಡು ಅಂತಸ್ತಿನ ಡ್ಯಾಶ್‌ಬೋರ್ಡ್ ಮುಂದೆ ಕೂತರೆ ಇವತ್ತಿಗೂ ನನಗೆ ಖುಷಿಯಾಗುತ್ತದೆ.

ತಗೊಂಡ ಹೊಸದರಲ್ಲಿ ನಾನೂ ಮೊದಲು ಹಾಕಿಸಿದ್ದು ಗಾಡಿ ತಗ್ಗಿಸುವ ಲೋವರಿಂಗ್ ಸ್ಪ್ರಿಂಗ್. ಸುಮಾರು 40 ಎಂಎಂ ಇಳಿಯಿತು. ಮನೆ ಮುಂದೆ ನಿಂತಾಗ ಎಷ್ಟು ಚೆಂದ ಕಾಣುತ್ತಿತ್ತು ಅಂದ್ರೆ, ರಾತ್ರಿ ಎದ್ದು ಮಹಡಿಯಿಂದ ನೋಡಿದ್ದೇನೆ. ಆದರೆ ಸಿವಿಕ್ ಮೊದಲೇ ತಗ್ಗು ಗಾಡಿ. ಹಿಂದೆ ಮೂರು ಜನ ಕೂತರೆ ಸ್ಟಾಕ್ ಕಾರೇ, ಅಂದ್ರೆ ಕಂಪನಿಯಿಂದ ಬಂದ ಹಾಗೇ ಇರುವ ಕಾರೇ, ಹಂಪ್‌ಗೆ ಹೊಟ್ಟೆ ಉಜ್ಜುತ್ತದೆ. ಇಳಿಸಿದ ಮೇಲೆ ಪ್ರತಿ ಹಂಪ್‌ನಲ್ಲೂ ಅಡ್ಡಡ್ಡ ತಿರುಗಿಸಿಕೊಂಡು, ಜನರನ್ನು ಇಳಿಸಿ ಹತ್ತಿಸಿಕೊಂಡು ಹೋಗುವ ಪಾಡಾಯ್ತು.

ಅದನ್ನಾದರೂ ಸಹಿಸಬಹುದಿತ್ತು. ಒಂದು ಜನವರಿಯಲ್ಲಿ ಕೊರಟಗೆರೆ ದಾಟಿ ಮಧುಗಿರಿ ಕಡೆಯ ಒಂದು ಹಳ್ಳಿ ರಸ್ತೆಗೆ ಫೋಟೋ ತೆಗೆಯಲು ಹೋಗಿದ್ದೆ. ಒಕ್ಕಣೆ ಕಾಲ. ರಸ್ತೆ ತುಂಬ ಹುರುಳಿ ಹಾಸಿದ್ದರು. ರಾಗಿಯಾದರೆ ಹೇಗೋ ದಾಟಬಹುದು, ಹುರುಳಿ ಹಾಗಲ್ಲ, ಬಳ್ಳಿ. ನಾಲ್ಕು ಕಡೆ ದಾಟಿದೆ. ಐದನೆಯದಕ್ಕೆ ಸುಟ್ಟ ವಾಸನೆ ಬಂತು. ಇಳಿದು ಬಗ್ಗಿ ನೋಡಿದರೆ ಆಕ್ಸಲ್‌ಗೆ ಹಗ್ಗ ಹೊಸೆದ ಹಾಗೆ ಬಳ್ಳಿ ಸುತ್ತಿಕೊಂಡಿದೆ, ಒಂದು ಕಂತೆ ಸೈಲೆನ್ಸರ್ ಪೈಪಿಗೆ ತಾಗಿ ಹೊಗೆ ಏಳುತ್ತಿದೆ. ಕಣದಲ್ಲಿದ್ದ ಒಬ್ಬರು ವಯಸ್ಸಾದವರು ಬಿಂದಿಗೆ, ಕುಡುಗೋಲು ಎರಡೂ ಹಿಡಿದು ಓಡಿ ಬಂದರು.

"ಮೊದ್ಲು ಎಂಜಿನ್ ಆಫ್ ಮಾಡಪ್ಪಾ, ದೂರ ನಿಂತ್ಕೋ."

"ಗೊತ್ತಾಗ್ಲಿಲ್ಲ ಯಜಮಾನ್ರೇ."

"ಎತ್ತರದ ಗಾಡಿಗಳು ಹಂಗೇ ಹೊಯ್ತವೆ. ನಿಂದು ನೆಲ ಬಾಚ್ಕೊಂಡು ಬಂದೈತಲ್ಲಪ್ಪ."

ನೀರು ಹಾಕಿ, ಕೂತು ಒಂದೊಂದೇ ಎಳೆ ಕೊಯ್ದು ತೆಗೆದರು. ಅರ್ಧ ಗಂಟೆ ಹಿಡಿಯಿತು. ಅವರು ಅಲ್ಲಿ ಇಲ್ಲದಿದ್ದರೆ ಕಾರು ಉರಿದು ಹೋಗುತ್ತಿತ್ತು. ಮುಂದಿನ ವಾರವೇ ಸ್ಟಾಕ್ ಸ್ಪ್ರಿಂಗ್ ವಾಪಸ್ ಹಾಕಿಸಿದೆ. ಈಗ ಒಕ್ಕಣೆ ಕಂಡರೆ ಗಾಡಿ ನಿಲ್ಲಿಸಿ, ಪಕ್ಕಕ್ಕೆ ಸರಿಸಿಕೊಡಿ ಅಂತ ಕೇಳುತ್ತೇನೆ. ಯಾರೂ ಇಲ್ಲ ಅಂದ್ರೆ ಬೇರೆ ದಾರಿ ಹಿಡಿಯುತ್ತೇನೆ.

ಹಾಗಾದರೆ ಏನು ಮಾಡಿಸಬೇಕು? ಹಳೆ ಕಾರಿಗೆ ಮೊದಲ ದುಡ್ಡು ಸಸ್ಪೆನ್ಷನ್ ಬುಷ್ (ಕೀಲುಗಳ ರಬ್ಬರ್), ಶಾಕ್ ಅಬ್ಸಾರ್ಬರ್, ಬ್ರೇಕ್ ಪ್ಯಾಡ್‌ಗೆ. ಫೋಟೋದಲ್ಲಿ ಕಾಣಲ್ಲ, ನಿಜ. ಆದರೆ ದೇವರಾಯನದುರ್ಗ ಬೆಟ್ಟದ ತಿರುವು ಇಳಿಯುವಾಗ ಪೂರ್ತಿ ಕಾಣುತ್ತದೆ. ಆಮೇಲೆ ವೀಲ್. ಕಂಪನಿ ಟೈರು 195/65, 15 ಇಂಚು. ಅಂದ್ರೆ ಅಗಲ 195 ಎಂಎಂ, ಪಕ್ಕದ ಗೋಡೆ ಅಗಲದ ಶೇ. 65, ರಿಮ್ 15 ಇಂಚು. ನಾನು 16 ಇಂಚಿನ ಅಲಾಯ್‌ಗೆ 205/55 ಹಾಕಿದ್ದೇನೆ. ಚಕ್ರದ ಒಟ್ಟು ಎತ್ತರದಲ್ಲಿ 3 ಎಂಎಂ ಕೂಡ ವ್ಯತ್ಯಾಸ ಬರಲ್ಲ, ಸ್ಪೀಡೋಮೀಟರ್ ತಪ್ಪು ತೋರಿಸಲ್ಲ. 17 ಇಂಚಿಗೆ 215/45 ಹಾಕಿದರೆ ಟೈರಿನ ಪಕ್ಕದ ಗೋಡೆ ಸ್ಟಾಕ್‌ಗಿಂತ 30 ಎಂಎಂ ಕಡಿಮೆಯಾಗುತ್ತದೆ. ನಮ್ಮ ಗುಂಡಿಗಳಿಗೆ ರಿಮ್ ಬೆಂಡ್ ಗ್ಯಾರಂಟಿ.

ಕಾನೂನಿನ ವಿಷಯ ಹಗುರವಾಗಿ ತಗೋಬೇಡಿ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಬೀಳಬಹುದು, ಆರು ತಿಂಗಳವರೆಗೆ ಜೈಲೂ ಇದೆ. ಬಣ್ಣ ಬದಲಿಸಿದರೆ ಆರ್‌ಸಿಯಲ್ಲಿ ಬರಬೇಕು. ಇನ್ನೊಂದು ಮಾತು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಈ ಸಿವಿಕ್‌ಗಳೆಲ್ಲ ಆ ವಯಸ್ಸು ಮುಟ್ಟಿವೆ, ಇಲ್ಲವೇ ಹತ್ತಿರ ಬಂದಿವೆ. ನವೀಕರಣಕ್ಕೆ ಗಾಡಿಯನ್ನು ತಪಾಸಣೆಗೆ ತೋರಿಸಲೇಬೇಕು. ಅದಕ್ಕೇ ಬಿಚ್ಚಿದ ಸ್ಟಾಕ್ ಪಾರ್ಟ್ಸ್ ಒಂದನ್ನೂ ಮಾರಬೇಡಿ. ನನ್ನ ಹಳೆ ಸೈಲೆನ್ಸರ್ ಅಟ್ಟದ ಮೇಲೆ ಗೋಣಿಚೀಲದಲ್ಲಿದೆ.

ಈಗ ಫೋಟೋ. ಕ್ಯಾಮೆರಾಗಿಂತ ಹೊತ್ತು ಮುಖ್ಯ. ಸೂರ್ಯ ಮುಳುಗಿದ ಮೇಲೆ ಹದಿನೈದು, ಇಪ್ಪತ್ತು ನಿಮಿಷ ಇರುತ್ತದಲ್ಲ, ಅದೇ ಹೊತ್ತು. ಪಡುವಣಕ್ಕೆ ಬೆನ್ನು ಹಾಕಿ ನಿಂತು ತೆಗೆಯಿರಿ. ಆಕಾಶದ ಬೆಳಕು ಮೆತ್ತಗೆ ಬಾಗಿಲ ಮೇಲೆ ಹರಿಯುತ್ತದೆ. ಹೆಡ್‌ಲೈಟಿನಿಂದ ಹಿಂದಿನವರೆಗೆ ಓಡುವ ಗೆರೆ ಆಗ ಎದ್ದು ಬರುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಅದೇ ಗೆರೆ ಎಲ್ಲಿದೆ ಅಂತ ಹುಡುಕಬೇಕು.

ಫೋನ್ ಆದರೂ ಸರಿ, ಹತ್ತಿರ ಹೋಗಬೇಡಿ. ಹತ್ತಿರದಿಂದ ತೆಗೆದರೆ ಬಂಪರ್ ಊದಿಕೊಂಡು ಹಿಂಭಾಗ ಕುಗ್ಗುತ್ತದೆ. ಹತ್ತು ಹೆಜ್ಜೆ ಹಿಂದೆ ಬಂದು 2ಎಕ್ಸ್ ಜೂಮ್‌ನಲ್ಲಿ, ಮಂಡಿಯೂರಿ, ಹೆಡ್‌ಲೈಟ್ ಮಟ್ಟದಿಂದ ತೆಗೆಯಿರಿ. ತಗ್ಗಿಸದ ಕಾರೂ ನೆಲಕ್ಕೆ ಅಂಟಿದ ಹಾಗೆ ಕಾಣುತ್ತದೆ! ಸ್ಟೀರಿಂಗ್ ತಿರುಗಿಸಿ ಅಲಾಯ್‌ನ ಮುಖ ಕ್ಯಾಮೆರಾ ಕಡೆ ಬರಲಿ, ಟೈರಿನ ಪಟ್ಟಿ ಅಲ್ಲ. ಕ್ಲಿಕ್ ಮಾಡೋ ಮುಂಚೆ ಬಾಗಿಲೊಳಗೆ ಏನು ಪ್ರತಿಫಲಿಸುತ್ತಿದೆ ನೋಡಿ. ಬುಗುಡನಹಳ್ಳಿ ಕೆರೆ ಹತ್ತಿರ ತೆಗೆದ ನನ್ನ ಒಳ್ಳೆಯ ಚಿತ್ರವೊಂದರಲ್ಲಿ ಕರೆಂಟ್ ಕಂಬ ಎರಡೂ ಬಾಗಿಲನ್ನು ಸೀಳಿಕೊಂಡು ನಿಂತಿದೆ. ಎರಡು ಅಡಿ ಗಾಡಿ ಮುಂದೆ ತಂದಿದ್ದರೆ ಸಾಕಿತ್ತು.

ಓಡುವ ಕಾರಿನ ಚಿತ್ರಕ್ಕೆ ವೇಗ ಬೇಕಿಲ್ಲ. ಎರಡು ಗಾಡಿ 40 ಕಿ.ಮೀ.ನಲ್ಲಿ ಸಮ ಸಮ ಹೋಗಲಿ, ಶಟರ್ ವೇಗ 1/60 ಸೆಕೆಂಡ್. ರಸ್ತೆ ತಾನೇ ಹರಿದಂತೆ ಬರುತ್ತದೆ. ತೆಗೆಯುವವರು ಬೆಲ್ಟ್ ಹಾಕಿಕೊಂಡು ಹಿಂದಿನ ಸೀಟಲ್ಲೇ ಕೂರಲಿ, ಕಿಟಕಿಯಿಂದ ಆಚೆ ಬಾಗುವುದು ಬೇಡವೇ ಬೇಡ. ನನ್ನ ತಮ್ಮ ಸಿವಿಕ್ ಓಡಿಸುತ್ತಾನೆ, ಗೆಳೆಯನ ಕಾರಲ್ಲಿ ನಾನು. ಭಾನುವಾರ ಬೆಳಿಗ್ಗೆ ವಸಂತನರಸಾಪುರದ ಕೈಗಾರಿಕಾ ಪ್ರದೇಶದ ಖಾಲಿ, ಅಗಲ ರಸ್ತೆಯಲ್ಲಿ ಮಾಡುತ್ತೇವೆ. ಹೆದ್ದಾರಿಯಲ್ಲಿ, ದೇವರಾಯನದುರ್ಗದ ಕಾಡು ರಸ್ತೆಯಲ್ಲಿ ಇದನ್ನು ಮಾಡಬೇಡಿ. ದುರ್ಗದಲ್ಲಿ ನಿಲ್ಲಿಸಿ ತೆಗೆದರೂ ಒಬ್ಬರು ಗಾಡಿ ಪಕ್ಕದಲ್ಲೇ ಇರಲಿ, ಕೋತಿಗಳು ಬಾನೆಟ್ ಮೇಲೆ ಗೀರುತ್ತವೆ.

ಬಣ್ಣ ಇನ್ನೂ ಆರಿಸಿಲ್ಲ ಅಂದ್ರೆ ಬೂದು ಅಥವಾ ಬೆಳ್ಳಿ ನೋಡಿ. ಕಪ್ಪೇ ಸಿಕ್ಕಿದರೆ ಹೊಸ ಲೆನ್ಸ್‌ಗಿಂತ ಮೊದಲು ಪ್ರತಿಫಲನ ಕಡಿಮೆ ಮಾಡುವ ಒಂದು ಪೋಲರೈಸರ್ ಫಿಲ್ಟರ್ ತಗೊಳ್ಳಿ. ಅದನ್ನು ತಿರುಗಿಸುತ್ತಾ ಹೋದ ಹಾಗೆ ಗಾಜಿನ ಮೇಲಿನ ಆಕಾಶ ಕರಗಿ, ಒಳಗಿನ ಸ್ಟೀರಿಂಗ್ ಕಾಣಿಸಿಕೊಳ್ಳುತ್ತದೆ.