ಜಪಾನ್‌ನಲ್ಲಿ ಕೆಲ್ಸಕ್ಕೆ ಇರೋರಿಗೆ ಜೆಆರ್ ಪಾಸ್ ಯಾಕೆ ಸಿಗಲ್ಲ? ಕಡಿಮೆ ಖರ್ಚಲ್ಲಿ ಸುತ್ತೋದು ಹೇಗೆ?

ಜೆಆರ್ ಅಂದ್ರೆ ಜಪಾನ್ ರೈಲ್ವೆ, ಅದರ ಟ್ರೇನ್‌ಗಳಲ್ಲಿ ಇಷ್ಟು ದಿನ ಅಂತ ಬೇಕಾದಷ್ಟು ಸುತ್ತೋಕೆ ಕೊಡೋ ಆ ಪಾಸ್ ಹೊರಗಿಂದ ಬರೋ ಟೂರಿಸ್ಟ್‌ಗಳಿಗೆ ಅಂತಾನೇ ಮಾಡಿರೋದು, ಪಾಸ್‌ಪೋರ್ಟಲ್ಲಿ ತಾತ್ಕಾಲಿಕ ಪ್ರವಾಸಿ ಅನ್ನೋ ಮುದ್ರೆ ಇದ್ರೇನೇ ಕೊಡ್ತಾರೆ. ವರ್ಕ್ ವೀಸಾದಲ್ಲಿ ರೆಸಿಡೆನ್ಸ್ ಕಾರ್ಡ್ ಇಟ್ಕೊಂಡಿರೋ ನಮ್ಮಂಥೋರಿಗೆ ಇಲ್ಲ. ನೋಡೋಕೆ ಬರೋ ಅಪ್ಪ ಅಮ್ಮ ತಗೋಬಹುದು.

ನಮಗೆ ಸರಿಹೋಗೋದು ಸೇಶುನ್ 18 ಟಿಕೆಟ್, ಅಂದ್ರೆ ಜೆಆರ್‌ನ ಸಾಮಾನ್ಯ ಟ್ರೇನ್‌ಗಳಲ್ಲಿ ದಿನವಿಡೀ ಎಷ್ಟು ಸಲ ಬೇಕಾದ್ರೂ ಹತ್ತಿ ಇಳಿಯೋ ಟಿಕೆಟ್. ಹೆಸರಲ್ಲಿ 18 ಇದ್ರೂ ವಯಸ್ಸಿನ ಮಿತಿ ಏನೂ ಇಲ್ಲ, ಶಾಲೆ ರಜೆ ಇರೋ ವಸಂತ, ಬೇಸಿಗೆ, ಚಳಿಗಾಲದಲ್ಲಿ ಮಾತ್ರ ಮಾರ್ತಾರೆ. 3 ದಿನಕ್ಕೆ 10,000 ಯೆನ್, 5 ದಿನಕ್ಕೆ 12,050 ಯೆನ್, ಅಂದ್ರೆ ದಿನಕ್ಕೆ 2,410 ಬೀಳತ್ತೆ. 2024ರ ಚಳಿಗಾಲದಿಂದ ರೂಲ್ಸ್ ಬದಲಾಗಿದೆ, ದಿನಗಳು ಸತತವಾಗಿರಬೇಕು, ಒಂದೇ ಟಿಕೆಟ್ಟಲ್ಲಿ ಇಬ್ಬರು ಮೂವರು ಹೋಗೋಹಾಗಿಲ್ಲ.

ಇಷ್ಟು ಅಗ್ಗ ಯಾಕೆ ಅಂದ್ರೆ ಇಲ್ಲಿ ವೇಗದ ಟ್ರೇನಿಗೆ ಮೂಲ ದರದ ಮೇಲೆ ಎಕ್ಸ್‌ಪ್ರೆಸ್ ಚಾರ್ಜ್ ಅಂತ ಬೇರೆ ಕಟ್ಟಬೇಕು, ಈ ಟಿಕೆಟ್ ಆ ಚಾರ್ಜ್ ಇಲ್ಲದ ಲೋಕಲ್ ಮತ್ತು ರ‍್ಯಾಪಿಡ್ ಟ್ರೇನಿಗೆ ಮಾತ್ರ. ಶಿಂಕಾನ್ಸೆನ್ ಅನ್ನೋ ಬುಲೆಟ್ ಟ್ರೇನ್ ಹತ್ತಬೇಕಾದ್ರೆ ಪೂರ್ತಿ ದುಡ್ಡು ಬೇರೆ ಕೊಡ್ಲೇಬೇಕು.

ಟೋಕಿಯೋ ಇಂದ ಕ್ಯೋಟೋಗೆ ಹಿಂಗೆ ಹೋದ್ರೆ ಸುಮಾರು 9 ಗಂಟೆ ಆಗತ್ತೆ, ಅಟಾಮಿ, ಮೈಬಾರ ಅಂತ ಅಲ್ಲಲ್ಲಿ ಇಳಿದು ಬದಲಾಯಿಸ್ಬೇಕು, ರಜೆ ಟೈಮಲ್ಲಿ ಬಾಗಿಲು ತೆಗೆದ ತಕ್ಷಣ ಸೀಟಿಗೋಸ್ಕರ ಎಲ್ರೂ ಓಡ್ತಾರೆ, ದೊಡ್ಡ ಬ್ಯಾಗ್ ಬೇಡವೇ ಬೇಡ. ಆದ್ರೆ ಅಟಾಮಿ ಹತ್ರ ಸಮುದ್ರ, ಆಮೇಲೆ ಆಕಾಶ ತಿಳಿಯಾಗಿದ್ರೆ ಫುಜಿ, ಮನಸ್ಸಾದ ಊರಲ್ಲಿ ಇಳಿದು ಊಟ ಮಾಡಿ ಮುಂದಿನ ಟ್ರೇನ್ ಹಿಡಿಯೋ ಸ್ವಾತಂತ್ರ್ಯ, ಇದಕ್ಕೋಸ್ಕರಾನೇ ನಾನು ಈ ಟಿಕೆಟ್ ಎಲ್ರಿಗೂ ಹೇಳೋದು.