ಓದುಗರ ಪ್ರಶ್ನೆಗಳು: ಸ್ಪರ್ಧೆಗೊಂದು ಐತಿಹಾಸಿಕ ಕಥೆ

ಈ ಸಲ ನಮಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಕುರಿತಿವೆ. ಕಾಸರಗೋಡಿನ ಕನ್ನಡ ಸಂಘವೊಂದು ಐತಿಹಾಸಿಕ ಸಣ್ಣಕಥೆಗಳ ಸ್ಪರ್ಧೆಯನ್ನು ಏರ್ಪಡಿಸಿದ್ದು, ಕಥೆ 2,000 ಪದಗಳನ್ನು ಮೀರಬಾರದು, ಕಥೆ ನಡೆಯುವ ಕಾಲ ಕನಿಷ್ಠ 50 ವರ್ಷಗಳ ಹಿಂದಿನದಾಗಿರಬೇಕು, ಎಲ್ಲಿಯೂ ಪ್ರಕಟವಾಗಿರಬಾರದು ಎಂಬ ಮೂರು ನಿಯಮಗಳನ್ನು ವಿಧಿಸಿದೆ. ಅಂಥ ಕೆಲವು ಸ್ಪರ್ಧೆಗಳಿಗೆ ತೀರ್ಪುಗಾರನಾಗಿ ಕಥೆಗಳನ್ನು ಓದಿದವನು ನಾನು. ಆ ಅನುಭವದ ಬಲದಿಂದಲೇ ಕೆಳಗಿನ ಉತ್ತರಗಳನ್ನು ಬರೆದಿದ್ದೇನೆ.

ಪ್ರಶ್ನೆ: ನಾನು ಉದುಮ ಸಮೀಪದ ಶಾಲೆಯೊಂದರ ಅಧ್ಯಾಪಿಕೆ. ಬೇಕಲ ಕೋಟೆಯ ಬಗ್ಗೆ ಕಥೆ ಬರೆದಿದ್ದೇನೆ. ಶಿವಪ್ಪ ನಾಯಕ ಕೋಟೆ ಕಟ್ಟಿಸುವಲ್ಲಿಂದ ಆರಂಭವಾಗಿ ಹೈದರಾಲಿ, ಟಿಪ್ಪು ಸುಲ್ತಾನರನ್ನು ದಾಟಿ ಕಂಪೆನಿ ಸರಕಾರದವರೆಗೆ ಬಂದಿದೆ. ಒಟ್ಟು 4,600 ಪದಗಳಾಗಿವೆ. ಯಾವ ಭಾಗವನ್ನು ಕತ್ತರಿಸಿದರೆ ಕಥೆಗೆ ಹಾನಿಯಾಗದು?

ಉತ್ತರ: ಮೇಡಂ, ತಮ್ಮ ಹಸ್ತಪ್ರತಿಯನ್ನು ಎರಡು ಬಾರಿ ಓದಿದೆ. ತಾವು ಪಟ್ಟ ಶ್ರಮ ಪ್ರತಿ ಪುಟದಲ್ಲೂ ಕಾಣುತ್ತದೆ. ಆದರೆ ಕತ್ತರಿ ಆಡಿಸುವುದರಿಂದ ಈ ತೊಂದರೆ ನಿವಾರಣೆಯಾಗುವುದಿಲ್ಲ. ಕೋಟೆ ಎದ್ದ 1650ರ ಸುಮಾರಿನಿಂದ, ಶ್ರೀರಂಗಪಟ್ಟಣ ಬಿದ್ದು ಕೆನರಾ ಪ್ರಾಂತ ಕಂಪೆನಿಯ ಕೈಸೇರಿದ 1799ರವರೆಗೆ ಸರಿಸುಮಾರು ನೂರೈವತ್ತು ವರ್ಷಗಳು. ಅಷ್ಟು ಕಾಲ ಬದುಕಿ ಎಲ್ಲವನ್ನೂ ಕಂಡವರು ತಮ್ಮ ಕಥೆಯಲ್ಲಿ ಯಾರೂ ಇಲ್ಲ, ಇರುವುದೂ ಸಾಧ್ಯವಿಲ್ಲ. ಆದ್ದರಿಂದ ಕಥೆ ತಾನಾಗಿಯೇ ಪಾಠಪುಸ್ತಕದ ಕಡೆಗೆ ವಾಲಿದೆ. ಸಣ್ಣಕಥೆಗೆ ಒಬ್ಬ ವ್ಯಕ್ತಿ ಬೇಕು, ಆ ವ್ಯಕ್ತಿಗೆ ಅಂದು ಬೆಳಗಾದರೆ ಮಾಡಲೇಬೇಕಾದ ಒಂದು ಕೆಲಸ ಬೇಕು.

ಆ ವ್ಯಕ್ತಿ ತಮ್ಮ ಹಸ್ತಪ್ರತಿಯಲ್ಲಿಯೇ ಇದ್ದಾನೆ. ಮೂರನೆಯ ಪುಟದಲ್ಲಿ ಎರಡು ವಾಕ್ಯಗಳಲ್ಲಿ ಬಂದುಹೋಗುವ ಕಲ್ಲು ಕಡಿಯುವವನನ್ನು ದಯವಿಟ್ಟು ಮತ್ತೊಮ್ಮೆ ನೋಡಿ. ಬೇಕಲ ಕೋಟೆ ಕಟ್ಟಿರುವುದು ನಮ್ಮ ಮುರಕಲ್ಲಿನಿಂದ. ಮುರಕಲ್ಲು ನೆಲದೊಳಗಿರುವಾಗ ಮೆತ್ತಗಿರುತ್ತದೆ. ಅಗೆದು ತೆಗೆದ ಹೊಸದರಲ್ಲಿ ಕೊಡಲಿಯ ಏಟಿಗೆ ಒದ್ದೆ ಒದ್ದೆಯಾಗಿ ಸೀಳುತ್ತದೆ, ಕೈಗೂ ಮೈಗೂ ಕೆಂಪು ಅಂಟಿಕೊಳ್ಳುತ್ತದೆ. ಗಾಳಿ ಬಿಸಿಲು ತಾಗಿದ ಮೇಲೆ ದಿನೇ ದಿನೇ ಗಟ್ಟಿಯಾಗಿ, ಕೊನೆಗೆ ಸಮುದ್ರದ ಉಪ್ಪುಗಾಳಿಗೂ ಬಗ್ಗದ ಕಲ್ಲಾಗುತ್ತದೆ. ಮಳೆಗಾಲ ಹಿಡಿದರೆ ಹೊಂಡದಲ್ಲಿ ನೀರು ನಿಂತು ಕೆಲಸ ನಿಲ್ಲುತ್ತದೆ. ಇಷ್ಟನ್ನು ತಿಳಿದ ಒಬ್ಬ ಮನುಷ್ಯ, ಮಳೆಗೆ ಮೊದಲು ಒಪ್ಪಿಸಬೇಕಾದ ಕಲ್ಲುಗಳ ಲೆಕ್ಕ, ಮನೆಯಲ್ಲಿ ಜ್ವರದಿಂದ ಮಲಗಿದ ಮಗ: ಇಲ್ಲಿ ಕಥೆ ಇದೆ. ಶಿವಪ್ಪ ನಾಯಕ ಈ ಕಥೆಯಲ್ಲಿ ಮುಖ ತೋರಿಸಬೇಕಾಗಿಲ್ಲ. ಅವನ ಅಧಿಕಾರಿಯೊಬ್ಬ ಕಡತ ಬಿಚ್ಚಿ ಲೆಕ್ಕ ಓದಿದರೆ ಸಾಕು, ಓದುಗನಿಗೆ ಅರಸನ ಕೈ ಎಷ್ಟು ಉದ್ದ ಎಂಬುದು ತಿಳಿಯುತ್ತದೆ.

ಕಡತ ಎಂದೆ. ತಾವು ಆ ಅಧಿಕಾರಿಯ ಕೈಗೆ ಕಾಗದದ ಪುಸ್ತಕ ಕೊಟ್ಟಿದ್ದೀರಿ. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಪಟ್ಟಿಯಾಗಿ ಮಡಚಿ, ಬಳಪದಿಂದ ಬಿಳಿಯಾಗಿ ಬರೆಯುತ್ತಿದ್ದ ಕಪ್ಪು ಕಡತ ಅಂದಿನ ಲೆಕ್ಕಕ್ಕೆ ಹೆಚ್ಚು ಒಪ್ಪುತ್ತದೆ. ಬರೆದದ್ದನ್ನು ಒರೆಸಿ ಮತ್ತೆ ಬರೆಯಬಹುದಾಗಿತ್ತು ಎಂಬುದು ಕಥೆಗಾರರಿಗೆ ದೊಡ್ಡ ವರ. ಒರೆಸಿಹೋದ ಒಂದು ಸಾಲು ಒಬ್ಬನ ಕೂಲಿಯನ್ನು ನುಂಗಬಹುದಲ್ಲವೇ? ಇನ್ನೆರಡು ತಿದ್ದುಪಡಿಗಳು: ನಾಯಕರ ರಾಜಧಾನಿ ಆಗ ಬಿದನೂರು. ಇಕ್ಕೇರಿಯ ಹೆಸರು ಮನೆತನಕ್ಕೂ ನಾಣ್ಯಕ್ಕೂ ಅಂಟಿಕೊಂಡು ಉಳಿಯಿತಾದರೂ ಆ ವೇಳೆಗೆ ರಾಜಧಾನಿ ಬದಲಾಗಿತ್ತು. ಕೂಲಿಯನ್ನು ರೂಪಾಯಿಯಲ್ಲಿ ಕೊಡಿಸಿದ್ದೀರಿ. ಅಂದಿನ ನಾಣ್ಯಗಳಾದ ವರಹ, ಹಣ ಎಂದು ಬರೆಯಿರಿ, ಇಲ್ಲವೇ ಅಕ್ಕಿಯಲ್ಲಿ ಅಳೆದು ಕೊಡಿಸಿ.

ಕಲ್ಲು ಕಡಿಯುವವನು ತಮಗೆ ಒಗ್ಗದಿದ್ದರೆ ಇನ್ನೊಂದು ದಾರಿಯೂ ಇದೆ. ಕೋಟೆಯ ಕಾವಲಿಗೆಂದು ನಾಯಕರು ಕನ್ನಡ ಕುಟುಂಬಗಳನ್ನು ತಂದು ನೆಲೆಗೊಳಿಸಿದರು. ಕೋಟೆಯವರೆಂದೇ ಹೆಸರಾದ ಆ ಮನೆತನಗಳವರು ನಮ್ಮ ಜಿಲ್ಲೆಯ ಹೊಸದುರ್ಗದ ಸುತ್ತಮುತ್ತ ಈಗಲೂ ಇದ್ದಾರೆ. ಘಟ್ಟದ ಮೇಲಿನಿಂದ ಬಂದು ಮೊದಲ ಬಾರಿ ಸಮುದ್ರವನ್ನು ನೋಡುವ ಕಾವಲುಗಾರನ ಹೆಂಡತಿ, ಬಾವಿಕಟ್ಟೆಯಲ್ಲಿ ತನ್ನ ಮಾತು ಯಾರಿಗೂ ತಿಳಿಯದೆ ನಿಂತ ಮೊದಲ ಸಂಜೆ! ನಾವು ಇಲ್ಲಿ ಕನ್ನಡ ಮಾತಾಡುತ್ತಿರುವುದಕ್ಕೆ ಇರುವ ಕಾರಣಗಳಲ್ಲಿ ಅವಳೂ ಒಬ್ಬಳು. ಅವಳ ಕಥೆಯನ್ನು ಯಾರಾದರೂ ಬರೆಯಬೇಕೆಂದು ನಾನು ಬಹಳ ದಿನಗಳಿಂದ ಕಾಯುತ್ತಿದ್ದೇನೆ.

ಪ್ರಶ್ನೆ: ನನ್ನ ಅಜ್ಜ ಕಾಸರಗೋಡು ಕೇರಳಕ್ಕೆ ಸೇರಿದ ದಿನದ ಬಗ್ಗೆ ಹೇಳುತ್ತಿದ್ದುದನ್ನು ಕಥೆಯಾಗಿಸಿದ್ದೇನೆ. ಅದು ಐತಿಹಾಸಿಕ ಕಥೆ ಎನಿಸಿಕೊಳ್ಳುತ್ತದೆಯೇ? ಮೊದಲ ಪುಟವನ್ನು ಜೊತೆಗಿಟ್ಟಿದ್ದೇನೆ. (ಬದಿಯಡ್ಕದಿಂದ ಒಬ್ಬ ವಿದ್ಯಾರ್ಥಿ)

ಉತ್ತರ: ಖಂಡಿತ ಎನಿಸಿಕೊಳ್ಳುತ್ತದೆ. 1956ನೆಯ ನವೆಂಬರ್ 1 ಸ್ಪರ್ಧೆಯ ನಿಯಮಕ್ಕೆ ಸಾಕಷ್ಟು ಹಿಂದಿನದು. ಅದಕ್ಕಿಂತ ಮುಖ್ಯವಾಗಿ, ಅದು ನೀವು ಹುಟ್ಟುವ ಎಷ್ಟೋ ಮೊದಲಿನದು. ನೆನಪಿನಿಂದ ಬರೆಯಲಾಗದೆ ಕೇಳಿ, ಹುಡುಕಿ ಬರೆಯಬೇಕಾದದ್ದು. ಆದರೆ ಹತ್ತಿರದ ಇತಿಹಾಸದಲ್ಲಿ ತಪ್ಪಿದರೆ ಅದನ್ನು ಹಿಡಿಯಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ ಎಂಬುದನ್ನು ಮರೆಯಬೇಡಿ.

ನಿಮ್ಮ ಮೊದಲ ಪುಟವನ್ನೇ ಹಿಡಿದುಕೊಳ್ಳೋಣ. ಆ ರಾತ್ರಿ ಅಂಗಳದಲ್ಲಿ ಹಾಲು ಚೆಲ್ಲಿದಂಥ ಬೆಳದಿಂಗಳು ಎಂದು ಬರೆದಿದ್ದೀರಿ. ಅಂದು ಗುರುವಾರ, ದೀಪಾವಳಿ ಅಮಾವಾಸ್ಯೆಯ ಆಸುಪಾಸಿನ ದಿನ. ರಾತ್ರಿ ಬೆಳದಿಂಗಳಿರುವ ಮಾತೇ ಇಲ್ಲ. ಹಳೆಯ ಪಂಚಾಂಗ ತೆರೆದು ನೋಡಿದ್ದರೆ ನಿಮಗೆ ಇದಕ್ಕಿಂತ ಒಳ್ಳೆಯ ಆರಂಭವೇ ಸಿಗುತ್ತಿತ್ತು. ಹಂಡೆಗೆ ನೀರು ತುಂಬಿ ಹಬ್ಬಕ್ಕೆ ಸಜ್ಜಾಗಿರುವ ಮನೆ, ಹೊರಗೆ ಗಾಢ ಕತ್ತಲೆ, ಬಾಗಿಲಲ್ಲಿ ಒಂದು ಹಣತೆ, ಜಗಲಿಯಲ್ಲಿ ಮಾತೇ ಆಡದೆ ಕುಳಿತ ಅಜ್ಜ. ನೀವು ಕಷ್ಟಪಟ್ಟು ಕಟ್ಟಿದ ಉಪಮೆಗಿಂತ ನಿಜವಾದ ಆ ಕತ್ತಲೆ ಹೆಚ್ಚು ಮಾತಾಡುತ್ತದೆ.

ಅಜ್ಜ ಚಹಾಕ್ಕೆ ಹತ್ತು ಪೈಸೆ ಕೊಟ್ಟರೆಂದಿದೆ. ದಶಮಾಂಶ ಪದ್ಧತಿಯ ನಯಾಪೈಸೆ ಚಲಾವಣೆಗೆ ಬಂದದ್ದು 1957ರ ಏಪ್ರಿಲ್ 1ರಂದು. ಆ ದಿನ ಅಜ್ಜನ ಕಿಸೆಯಲ್ಲಿದ್ದದ್ದು ಆಣೆ, ರೂಪಾಯಿಗೆ ಹದಿನಾರು. "ನಾವು ಕರ್ನಾಟಕ ರಾಜ್ಯಕ್ಕೆ ಸೇರಬೇಕಿತ್ತು" ಎಂದು ಅವರಿಂದ ಹೇಳಿಸಿದ್ದೀರಿ. ಕರ್ನಾಟಕ ಎಂಬ ಮಾತು ಏಕೀಕರಣದ ಹಂಬಲವುಳ್ಳವರ ನಾಲಗೆಯಲ್ಲಿ ಇದ್ದೇ ಇತ್ತು, ಆದರೆ ರಾಜ್ಯದ ಹೆಸರು ಮೈಸೂರು. ಅದು ಕರ್ನಾಟಕವಾದದ್ದು 1973ರ ನವೆಂಬರ್ 1ರಂದು. ಹಾಗೆಯೇ "ಕಾಸರಗೋಡು ಜಿಲ್ಲೆ" ಎಂಬುದು 1984ರ ಮೇ 24ರ ನಂತರದ ಮಾತು. ಅಜ್ಜನ ಪಾಲಿಗೆ ಅದು ಹಿಂದಿನ ದಿನದವರೆಗೆ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು, ಮರುದಿನ ಮಲಬಾರ್ ಜಿಲ್ಲೆಯದು. ಹೆಸರು ಬದಲಾಗುವ ಈ ನೋವೇ ನಿಮ್ಮ ಕಥೆಯ ಜೀವವಾಗಿರುವಾಗ ಹೆಸರುಗಳಲ್ಲಿ ಎಚ್ಚರ ತಪ್ಪಬಾರದು.

ಇನ್ನೊಂದು ಮಾತನ್ನು ಪ್ರೀತಿಯಿಂದ ಹೇಳುತ್ತೇನೆ. ಕಥೆಯ ಕೊನೆಗೆ ಅಜ್ಜನಿಂದ ಒಂದೂವರೆ ಪುಟದ ಭಾಷಣ ಮಾಡಿಸಿದ್ದೀರಿ. ಗಡಿಯ ಸಂಕಟ ನನಗೂ ನಿಮ್ಮಷ್ಟೇ ಆಪ್ತವಾದದ್ದು, ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು ಶಿಫಾರಸು ಮಾಡಿದ್ದನ್ನು ಬಲ್ಲೆ. ಆದರೆ 1956ರಲ್ಲಿ ನಿಂತ ಅಜ್ಜ 1967ರ ವರದಿಯ ಮಾತನ್ನು ಹೇಗೆ ಆಡಿಯಾನು? ಮುಂದೆ ಏನಾಗುತ್ತದೆಂದು ಅವನಿಗೆ ತಿಳಿಯದು. ತಿಳಿಯದವನಾಗಿಯೇ ಅವನನ್ನು ಉಳಿಸಿಕೊಳ್ಳಿ. ಅವನು ಮರುದಿನ ಬೆಳಿಗ್ಗೆ ಕಂದಾಯದ ರಸೀದಿಯನ್ನು ಪೆಟ್ಟಿಗೆಯಿಂದ ತೆಗೆದು ನೋಡಿ, ಮತ್ತೆ ಮಡಚಿ ಇಟ್ಟನೆಂದು ನಿಮ್ಮ ಪತ್ರದಲ್ಲಿ ಬರೆದಿದ್ದೀರಿ. ಕಥೆಯಲ್ಲಿ ಅದು ಇಲ್ಲ! ಭಾಷಣ ತೆಗೆದು ಅದನ್ನು ಇಡಿ.

ಪ್ರಶ್ನೆ: ನಮ್ಮ ಕುಂಬಳೆಯಲ್ಲಿ ಎಲ್ಲರಿಗೂ ಪರಿಚಿತರಾದ ಮಹಾರಾಜರ ಕಥೆಗಳಿಲ್ಲ. ವಸ್ತುವನ್ನು ಎಲ್ಲಿ ಹುಡುಕಲಿ? (ಗೃಹಿಣಿಯೊಬ್ಬರು)

ಉತ್ತರ: ಅಮ್ಮಾ, ಕುಂಬಳೆಯವರು ಹೀಗೆ ಕೇಳಬಾರದು. 1514ರ ಸುಮಾರಿನಲ್ಲಿ ಪೋರ್ಚುಗೀಸ್ ಬರಹಗಾರ ಡುವಾರ್ಟೆ ಬಾರ್ಬೋಸ ನಿಮ್ಮ ಊರಿನ ಬಂದರನ್ನು ವರ್ಣಿಸುತ್ತ, ಇಲ್ಲಿಂದ ಅಕ್ಕಿ ಮಾಲ್ದೀವ್ಸ್ ದ್ವೀಪಗಳಿಗೆ ಹೋಗಿ ಅಲ್ಲಿಂದ ತೆಂಗಿನ ನಾರು ಬರುತ್ತಿತ್ತೆಂದು ತಿಳಿಸಿದ್ದಾನೆ. ಅಕ್ಕಿ ಕೊಟ್ಟು ಹಗ್ಗದ ನಾರು ತರುವ ಆ ಹಡಗಿನಲ್ಲಿ ಯಾರು ಹೋಗಿರಬಹುದು, ಮನೆಯಲ್ಲಿ ಅವನನ್ನು ಯಾರು ಕಾದಿರಬಹುದು? ಬೈಹುಲ್ಲಿನಲ್ಲಿ ಅಕ್ಕಿ ಮುಡಿ ಕಟ್ಟುವುದನ್ನು ನೀವೇ ಕಂಡಿರಬಹುದು. ಒಂದು ಮುಡಿಗೆ ಮೂರು ಕಳಸೆ, 42 ಸೇರು. ಆ ಕಟ್ಟು ಹಾಕುವ ಕೈಗಳನ್ನು ಬರೆಯಿರಿ. ಅಡುಗೆಮನೆಗೆ ಹೋಗುವಾಗ ಮಾತ್ರ ಜಾಗ್ರತೆ ವಹಿಸಿ: ಮೆಣಸಿನಕಾಯಿ, ಗೇರುಬೀಜ, ಹೊಗೆಸೊಪ್ಪು ನಮ್ಮ ಕರಾವಳಿಗೆ ಬಂದದ್ದು ಪೋರ್ಚುಗೀಸರ ಮೂಲಕ. ಅದಕ್ಕಿಂತ ಹಿಂದಿನ ಸಾರಿಗೆ ಕಾಳುಮೆಣಸೇ ಖಾರ.

ಕಾಲ ಹತ್ತಿರದ್ದಾಗಿರಲಿ ಎನಿಸಿದರೆ 1830–31ಕ್ಕೆ ಬನ್ನಿ. ಕಂದಾಯದ ಭಾರ ತಾಳಲಾರದೆ ಕೆನರಾದ ರೈತರು ಅಲ್ಲಲ್ಲಿ ಕೂಟ ಸೇರಿ, ಕಂತು ಕಟ್ಟುವುದಿಲ್ಲವೆಂದು ಕುಳಿತರು. ಅದಕ್ಕೆ ಕೂಟ ದಂಗೆ ಎಂದೇ ಹೆಸರು. ಏಳು ವರ್ಷಗಳೊಳಗೆ, 1837ರ ಏಪ್ರಿಲ್‌ನಲ್ಲಿ, ಸುಳ್ಯದ ಕಡೆಯಿಂದ ಹೊರಟ ಕಲ್ಯಾಣಪ್ಪನ ದಂಡು ಮಂಗಳೂರನ್ನು ಹಿಡಿಯಿತು. ಎರಡನೆಯದನ್ನು ಎಲ್ಲರೂ ಬರೆಯುತ್ತಾರೆ, ಮೊದಲನೆಯದನ್ನು ಬರೆದವರು ನನ್ನ ಕಣ್ಣಿಗೆ ಬೀಳಲಿಲ್ಲ. ಕೂಟಕ್ಕೆ ಹೋಗಬೇಕೋ ಬೇಡವೋ ಎಂದು ರಾತ್ರಿಯಿಡೀ ಹೊರಳಾಡುವ, ಧಣಿ ಬೇಕೆಂದಾಗ ಬಿಡಿಸಬಹುದಾದ ಚಾಲಗೇಣಿಯ ಒಕ್ಕಲಿಗನ ಮನೆಯೊಳಗೆ ಹೋಗುವ ಕಥೆ ಬಂದರೆ ನಾನು ಅದನ್ನು ಬಹಳ ಆಸೆಯಿಂದ ಓದುತ್ತೇನೆ.

ಆಕರಗಳಿಗಾಗಿ ದೂರ ಹೋಗಬೇಡಿ. ಮನೆಯ ಮೂಲಗೇಣಿ (ಶಾಶ್ವತ ಗೇಣಿ) ಚೀಟುಗಳು, ತುಳುವಿನ ಕಥನಗೀತೆಗಳಾದ ಪಾಡ್ದನ ಬಲ್ಲ ಹಿರಿಯರು, 1801ರ ಆರಂಭದಲ್ಲಿ ಇದೇ ದಾರಿಯಲ್ಲಿ ಹಾದುಹೋದ ಫ್ರಾನ್ಸಿಸ್ ಬುಕನನ್ ಬರೆದಿಟ್ಟ ಪ್ರವಾಸದ ವಿವರಗಳು, 1894ರ ದಕ್ಷಿಣ ಕನ್ನಡ ಜಿಲ್ಲಾ ಕೈಪಿಡಿ: ಇಷ್ಟರಲ್ಲಿ ಹತ್ತು ಕಥೆಗಳಿಗೆ ಬೇಕಾಗುವಷ್ಟು ಇದೆ.

ಪ್ರಶ್ನೆ: ಪಾತ್ರಗಳಿಂದ ಯಾವ ಭಾಷೆ ಆಡಿಸಬೇಕು? ನಡುಗನ್ನಡ ಬಳಸಿದರೆ ತೀರ್ಪುಗಾರರಿಗೆ ಮೆಚ್ಚುಗೆಯಾದೀತೇ? (ಮಂಜೇಶ್ವರ)

ಉತ್ತರ: ಆಗದು. 17ನೆಯ ಶತಮಾನದ ಕುದುರೆ ಸವಾರನು ಷಟ್ಪದಿಯ ಭಾಷೆಯಲ್ಲಿ ನೀರು ಕೇಳುತ್ತಿರಲಿಲ್ಲ. ಸರಳವಾದ, ಇಂದಿನ ವಾಸನೆ ಬಡಿಯದ ಕನ್ನಡ ಸಾಕು; "ಓಕೆ", "ಟೈಮ್", "ನಿಮಿಷ" ಎಂಬಂಥವು ನುಸುಳದಂತೆ ನೋಡಿಕೊಳ್ಳಿ. ಗಡಿಯಾರವಿಲ್ಲದವರು ಹೊತ್ತನ್ನು ಗಳಿಗೆಯಲ್ಲೋ, ಬಿಸಿಲು ಅಂಗಳದ ಎಷ್ಟರವರೆಗೆ ಬಂದಿದೆ ಎಂಬುದರಲ್ಲೋ ಹೇಳುತ್ತಿದ್ದರು.

ನಮ್ಮದು ಏಳು ಭಾಷೆಗಳ ನೆಲ. ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು, ಇವುಗಳೊಂದಿಗೆ ಹವ್ಯಕರ ಮಾತಿನ ಸೊಗಸೂ ಸೇರಿದ ಕನ್ನಡ. ಸಂತೆಯ ದೃಶ್ಯದಲ್ಲಿ ಎಲ್ಲರೂ ಒಂದೇ ಪುಸ್ತಕದ ಕನ್ನಡ ಆಡಿದರೆ ಕಾಸರಗೋಡಿನ ಓದುಗ ನಂಬುವುದಿಲ್ಲ. ಹಾಗೆಂದು ಪುಟ ಪುಟ ತುಳು ಸಂಭಾಷಣೆ ಬರೆದರೆ ಧಾರವಾಡದ ತೀರ್ಪುಗಾರರು ದಾರಿ ತಪ್ಪುತ್ತಾರೆ. ಕರೆಯುವ ಮಾತು, ಬೈಗುಳ, ಪ್ರಾರ್ಥನೆ, ಈ ಮೂರನ್ನು ಆಯಾ ಭಾಷೆಯಲ್ಲಿ ಬಿಟ್ಟು ಉಳಿದುದನ್ನು ಕನ್ನಡದಲ್ಲಿ ಬರೆಯುವುದು ನನಗೆ ಸರಿಕಂಡ ಅಳತೆ. ಅರ್ಥವನ್ನು ಕಂಸದಲ್ಲಿ ಕೊಡಬೇಡಿ. ಎದುರಿನವನ ಉತ್ತರದಿಂದ ಅದು ತಿಳಿಯುವಂತಿರಲಿ.

ಪ್ರಶ್ನೆ: ಮಧೂರು ದೇವಸ್ಥಾನದಲ್ಲಿ ಟಿಪ್ಪುವಿನ ಖಡ್ಗದ ಗುರುತಿದೆ ಎಂಬ ಐತಿಹ್ಯವನ್ನು ಇತಿಹಾಸವೆಂದು ಬರೆಯಬಹುದೇ?

ಉತ್ತರ: ಐತಿಹ್ಯವೆಂದು ಬರೆಯಬಹುದು. ದೇವಸ್ಥಾನದ ಬಾವಿಯ ನೀರು ಕುಡಿದ ಸುಲ್ತಾನನ ಮನಸ್ಸು ಬದಲಾಯಿತು, ಗುರುತಿಗಾಗಿ ಮಾತ್ರ ಒಂದು ಏಟು ಹಾಕಿ ಹೊರಟ ಎಂದು ಜನ ಹೇಳುತ್ತ ಬಂದಿದ್ದಾರೆ. ಕಥೆಯೊಳಗೆ ಅದನ್ನು ಮೊಮ್ಮಗಳಿಗೆ ಹೇಳುವ ಅಜ್ಜಿಯೊಬ್ಬಳು ಇದ್ದರೆ ಯಾವ ದೋಷವೂ ಇಲ್ಲ, ಏಕೆಂದರೆ ಅಜ್ಜಿ ಹೇಳಿದಳು ಎಂಬುದು ನಿಜ. ಸುಲ್ತಾನನ ಮನಸ್ಸಿನೊಳಗೆ ಹೊಕ್ಕು ಅವನ ಬಾಯಿಂದ ಮಾತು ಹೊರಡಿಸುವಾಗ ಹೊಣೆ ಹೆಚ್ಚುತ್ತದೆ. ಒಂದು ಧರ್ಮದವರನ್ನೋ ಜಾತಿಯವರನ್ನೋ ಕೆಡುಕಿನ ಗುರುತಾಗಿ ಬಳಸಿದ ಕಥೆಗೆ ನಾನು ಎಂದೂ ಅಂಕ ಕೊಟ್ಟಿಲ್ಲ. ಒಂದೇ ಹೊಳೆಯ ನೀರು ಕುಡಿಯುವ ನಾವು ಹಾಗೆ ಬರೆಯಬಾರದು.

ಪ್ರಶ್ನೆ: ಕಳುಹಿಸುವ ಕ್ರಮ ಹೇಗೆ? ಒಂದೇ ಕಥೆಯನ್ನು ಎರಡು ಸ್ಪರ್ಧೆಗಳಿಗೆ ಕಳುಹಿಸಬಹುದೇ? (ಮುಳ್ಳೇರಿಯ)

ಉತ್ತರ: ಒಂದರ ಫಲಿತಾಂಶ ಬರುವ ಮೊದಲು ಇನ್ನೊಂದಕ್ಕೆ ಕಳುಹಿಸಬೇಡಿ. ಎರಡರಲ್ಲೂ ಬಹುಮಾನ ಬಂದರೆ ಪೇಚಿಗೆ ಸಿಲುಕುವವರು ನೀವೇ. ಹೆಸರು, ವಿಳಾಸ, ಸ್ವಂತ ರಚನೆಯೆಂಬ ದೃಢೀಕರಣವನ್ನು ಪ್ರತ್ಯೇಕ ಹಾಳೆಯಲ್ಲಿ ಬರೆಯಿರಿ; ಕಥೆಯ ಪುಟಗಳಲ್ಲಿ ಹೆಸರು ಕಂಡರೆ ಕೆಲವೆಡೆ ಕಥೆಯನ್ನು ಓದದೆಯೇ ಬದಿಗಿಡುತ್ತಾರೆ. ಇ-ಮೇಲ್‌ನಲ್ಲಿ ಕಳುಹಿಸುವುದಾದರೆ ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಜೊತೆಗೆ ಪಿಡಿಎಫ್ ಪ್ರತಿಯನ್ನೂ ಇಡಿ, ಏಕೆಂದರೆ ಹಳೆಯ ‘ನುಡಿ’ ತಂತ್ರಾಂಶದ ಅಕ್ಷರಗಳು ಇನ್ನೊಂದು ಕಂಪ್ಯೂಟರಿನಲ್ಲಿ ಒಡೆದುಹೋಗುವುದುಂಟು. ಪದಗಳ ಎಣಿಕೆಯಲ್ಲಿ ಮಿತಿಗಿಂತ ಐವತ್ತು ಪದ ಕಡಿಮೆಯೇ ಇರಲಿ. ಅಂಚೆಯಲ್ಲಿ ಕಳುಹಿಸುವವರು ಒಂದು ಪ್ರತಿಯನ್ನು ಮನೆಯಲ್ಲಿ ಇಟ್ಟುಕೊಳ್ಳಲೇಬೇಕು, ಬಹುತೇಕ ಸಂಘಗಳು ಹಸ್ತಪ್ರತಿಯನ್ನು ಹಿಂದಿರುಗಿಸುವುದಿಲ್ಲ.